ಹೆಚ್ಚಿಗೆ ಬರೆದ ಅರ್ಧ ಸಾಲು

1

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಎಂಬುದರ ಮೇಲೆ ನನಗೂ ಟೀಚರಮ್ಮನಿಗೂ ಜಗಳವಾಗಿ ಮಾತು ಬಿಡುವ ಹಂತಕ್ಕೆ ಬಂದಿದ್ದೇವೆ. ನಾನು ಮೊದಲು ಬರೆದ ಸಾಲು ಇದು: "ಬೆಳಗಿನ ಎಳೆಬಿಸಿಲು ಕಿಟಕಿಯಿಂದ ಇಳಿದು ಪ್ರಶ್ನೆಪತ್ರಿಕೆಯ ಮೇಲೆ ಮಲಗಿತ್ತು." ಬರೆದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಟೀಚರಮ್ಮ ಓದಿದವರೇ ಮುಖ ಗಂಟು ಹಾಕಿಕೊಂಡರು.

"ಆ ರೂಮಿಗೆ ಕಿಟಕಿ ಇರ್ಲಿಲ್ಲ. ಪ್ರಶ್ನೆಪತ್ರಿಕೆ ಅನುವಾದ ಮಾಡೋ ರೂಮಿಗೆ ಕಿಟಕಿ ಯಾರಾದ್ರೂ ಬಿಡ್ತಾರಾ? ಇದ್ದಿದ್ದಕ್ಕೂ ಪ್ಲೈವುಡ್ ಹೊಡೆದಿದ್ರು."

"ಕಥೆಯಲ್ಲಿ ಸ್ವಲ್ಪ ಬಿಸಿಲಿರ್ಲಿ ಅಂತ," ಎಂದೆ.

"ಇಲ್ಲದ್ದನ್ನ ಸೇರಿಸಿದೆ ಅಂತಾನೇ ನನ್ನ ಮೇಲೆ ವಿಚಾರಣೆ ನಡೀತಿರೋದು. ಈಗ ನೀವೂ ಶುರು ಮಾಡ್ಬೇಡಿ."

ಸರಿ, ಹೊಡೆದು ಹಾಕಿದೆ. ಎರಡನೆಯ ಆರಂಭ "ಎಲ್ಲ ಭಾಷೆಗಳೂ ಸಮಾನ" ಎಂದಿತ್ತು. ಅದು ಪರೀಕ್ಷಾ ಮಂಡಳಿಯ ನಿಯಂತ್ರಕರು ಪ್ರತಿ ವರ್ಷ ಪತ್ರಿಕಾಗೋಷ್ಠಿಯಲ್ಲಿ ನೀರು ಕುಡಿಯುವ ಮುಂಚೆ ಹೇಳುವ ಮಾತು. ಟೈಪ್ ಮಾಡುವಾಗ ನನಗೇ ಮೈಯೆಲ್ಲ ಉರಿಯಿತು. ಆದ್ದರಿಂದ ಓದುಗರೇ, ಆರಂಭವಿಲ್ಲದೆ ನೇರವಾಗಿ ವಿಷಯಕ್ಕೆ ಬರುತ್ತೇನೆ. (ಆರಂಭ ಬೇಕೇ ಬೇಕು ಎನ್ನುವವರು ಮೇಲಿನ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ.)

2

ಟೀಚರಮ್ಮ ನಮ್ಮ ಭಾಷೆಯಲ್ಲಿ ಪಾಠ ನಡೆಯುವ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾರೆ. ಗಂಟಲು ದೊಡ್ಡದು, ಮುಂಗೋಪ, ಸೀಮೆಸುಣ್ಣ ಕೈಗೆ ಬಂದರೆ ಹಸಿವು ನಿದ್ದೆ ಮರೆಯುವ ಪೈಕಿ. ಶಾಲೆ ಮುಗಿಸಿದ ಮಕ್ಕಳೆಲ್ಲ ಕಾಲೇಜು ಸೀಟಿಗಾಗಿ ಬರೆಯುವ ದೊಡ್ಡ ಪರೀಕ್ಷೆಯೊಂದಿದೆ. ಅದರ ಪ್ರಶ್ನೆಗಳನ್ನು ಮೊದಲು ಇಂಗ್ಲಿಷಿನಲ್ಲಿ ತಯಾರಿಸಿ, ಆಮೇಲೆ ಉಳಿದ ಭಾಷೆಗಳಿಗೆ ಇಳಿಸುತ್ತಾರೆ. ಈ ವರ್ಷ ಭೌತವಿಜ್ಞಾನದ ಪ್ರಶ್ನೆಗಳನ್ನು ನಮ್ಮ ಭಾಷೆಗೆ ತರಲು ಟೀಚರಮ್ಮನನ್ನು ಕರೆದರು. ಫೋನ್ ಇಸಿದುಕೊಂಡು, ಚೀಲ ತಡಕಿ, ಪ್ಲೈವುಡ್ ಹೊಡೆದ ರೂಮಿನಲ್ಲಿ ಕೂರಿಸಿದರು. ಎರಡು ಟೇಬಲ್ಲು, ಗುಂಯ್‌ಗುಡುವ ಒಂದು ಟ್ಯೂಬ್‌ಲೈಟು, ಗೋಡೆಯ ಮೇಲೆ ನಿಯಮ: ಏನನ್ನೂ ಸೇರಿಸಬಾರದು, ಏನನ್ನೂ ಬಿಡಬಾರದು.

ಇನ್ನೊಂದು ಟೇಬಲ್ಲಿನಲ್ಲಿ ಮರು ಅನುವಾದಕರು. ನಿವೃತ್ತ ಪ್ರಾಧ್ಯಾಪಕರು, ಸಾಧು ಮನುಷ್ಯ, ಮಂಡಿನೋವು. ಟೀಚರಮ್ಮ ನಮ್ಮ ಭಾಷೆಗೆ ಇಳಿಸಿದ್ದನ್ನು ಅವರು ಮೂಲ ನೋಡದೆ ಮತ್ತೆ ಇಂಗ್ಲಿಷಿಗೆ ತರಬೇಕು. ಎರಡು ಇಂಗ್ಲಿಷೂ ತಾಳೆಯಾದರೆ ಅನುವಾದ ಸರಿ ಎಂದು ಲೆಕ್ಕ. ಕೇಳಲು ಎಷ್ಟು ಚೆಂದ. ಆದರೆ ಹಿಂದೊಮ್ಮೆ ತಾಳೆಯಾಗದೆ ಎಲ್ಲರೂ ಮನೆಗೆ ಹೋಗುವುದು ತಡವಾಗಿ, ಅಂದಿನಿಂದ "ಅನುಕೂಲಕ್ಕೆ ಇರಲಿ" ಎಂದು ಮರು ಅನುವಾದಕರಿಗೂ ಮೂಲದ ಪ್ರತಿಯೊಂದನ್ನು ಕೊಡುವ ರೂಢಿ ಬಂದಿದೆ. ಪ್ರಾಧ್ಯಾಪಕರು ಅದನ್ನು ಎದುರಿಗಿಟ್ಟುಕೊಂಡು, ಅಲ್ಲೊಂದು ಇಲ್ಲೊಂದು ಪದ ಬದಲಿಸಿ, ದುಂಡಗಿನ ಅಕ್ಷರದಲ್ಲಿ ನಕಲು ಮಾಡುತ್ತಾರೆ. ಪ್ರತಿ ವರ್ಷವೂ ತಾಳೆಯಾಗುತ್ತದೆ. ಪ್ರತಿ ವರ್ಷವೂ ನಿಯಂತ್ರಕರು ನೀರು ಕುಡಿಯುತ್ತಾರೆ.

(ನಗು ಬಂದರೆ ನಗಿ, ಅಡ್ಡಿಯಿಲ್ಲ. ಮೊದಲ ಸಲ ಕೇಳಿದಾಗ ನಾನೂ ನಕ್ಕೆ. ಟೀಚರಮ್ಮ ಎಷ್ಟು ಹೊತ್ತು ನನ್ನ ಮುಖವನ್ನೇ ನೋಡಿದರು ಎಂದರೆ, ನಗು ಅರ್ಧಕ್ಕೇ ನಿಂತುಹೋಯಿತು.)

ಹೀಗೆ ಕೆಲಸ ಸಾಗುತ್ತಿರುವಾಗ ಎಸ್ಕಲೇಟರಿನ ಪ್ರಶ್ನೆ ಬಂತು. ಕೆಟ್ಟು ನಿಂತ ಎಸ್ಕಲೇಟರನ್ನು ಒಬ್ಬ ನಡೆದು ಹತ್ತಲು ತೊಂಬತ್ತು ಸೆಕೆಂಡು ಬೇಕು. ಅದು ಓಡುತ್ತಿರುವಾಗ ಸುಮ್ಮನೆ ನಿಂತರೆ ಅರವತ್ತು. ಓಡುತ್ತಿರುವಾಗ ನಡೆಯುತ್ತಲೂ ಹೋದರೆ ಎಷ್ಟು? ನಿಮಗೆ ನಾನು ಬಿಡಿಸಿ ಹೇಳಿದೆ. ಮೂಲದಲ್ಲಿ ಇದೆಲ್ಲ ಒಂದೇ ವಾಕ್ಯ. ಕೇಳಿರುವುದೇನು ಎಂದು ತಿಳಿಯಬೇಕಾದರೆ ಅದರ ಬಾಲ ಹಿಡಿದುಕೊಂಡು ಮೂರು ಸುತ್ತು ಹಾಕಬೇಕು. ಮಂಡಳಿಯ ಪದಕೋಶ ಎಸ್ಕಲೇಟರನ್ನು "ಸ್ವಚಲ ಸೋಪಾನ" ಎನ್ನುತ್ತದೆ. ಪದಕೋಶದಲ್ಲಿರುವುದನ್ನೇ ಬಳಸತಕ್ಕದ್ದು.

ಟೀಚರಮ್ಮ "ಸ್ವಚಲ ಸೋಪಾನ" ಎಂದು ಬರೆದರು. ಬರೆದದ್ದೇ ಅವರ ಕ್ಲಾಸು ಕಣ್ಣ ಮುಂದೆ ಬಂತು. ಎರಡನೆಯ ಬೆಂಚಿನಲ್ಲಿ ಬಸ್ ಡ್ರೈವರನ ಮಗಳೊಬ್ಬಳಿದ್ದಾಳೆ. ಎಲ್ಲದಕ್ಕೂ ಎದ್ದು ನಿಂತು "ಯಾಕೆ" ಎನ್ನುವುದರಿಂದ ಅವಳನ್ನು ಎಲ್ಲರೂ ವಕೀಲಮ್ಮ ಎನ್ನುತ್ತಾರೆ. ವಕೀಲಮ್ಮ ಎಸ್ಕಲೇಟರ್ ಕಂಡವಳಲ್ಲ. ಅವಳಿರುವ ಕಡೆ ಅದು ಇನ್ನೂ ಬಂದಿಲ್ಲ. ಟೀಚರಮ್ಮ ಯೋಚಿಸಿ ಸೇರಿಸಿದ್ದಲ್ಲ, ಪಾಠ ಮಾಡಿ ಮಾಡಿ ಪಳಗಿದ ಕೈ ತಾನಾಗಿ ಮುಂದುವರಿಯಿತು: "ಅಂದರೆ ತಾವೇ ಮೇಲಕ್ಕೆ ಸಾಗುತ್ತಿರುವ, ತಮ್ಮ ಮೇಲಿರುವವರನ್ನೂ ಜೊತೆಗೆ ಒಯ್ಯುವ ಮೆಟ್ಟಿಲುಗಳು." ಆಮೇಲೆ ಆ ಉದ್ದ ವಾಕ್ಯವನ್ನು ಮೂರು ತುಂಡು ಮಾಡಿದರು. ಪಕ್ಕದ ಟೇಬಲ್ಲಿನ ಪ್ರಾಧ್ಯಾಪಕರು ಎಂದಿನಂತೆ ಮೂಲ ನೋಡಿ ಮೂಲವನ್ನೇ ಬರೆದರು. ತಾಳೆಯಾಯಿತು.

3

ಇಲ್ಲಿ ಟೀಚರಮ್ಮನ ಬಾಲ್ಯ ಇತ್ತು. ಬಡತನ, ಬೀದಿದೀಪ, ಹರಿದ ಪಠ್ಯಪುಸ್ತಕ ಎಲ್ಲವನ್ನೂ ಹದವಾಗಿ ಬೆರೆಸಿದ್ದೆ. ಅವರು ಓದಿ, "ನಮ್ಮಪ್ಪ ಬ್ಯಾಂಕ್ ಮ್ಯಾನೇಜರ್ ಕಣ್ರೀ. ಕನಿಕರ ಬೇಡ, ಮುಂದಕ್ಕೆ ಹೋಗಿ," ಎಂದರು. ಹೋಗುತ್ತಿದ್ದೇನೆ.

4

ರದ್ದಾಗಿದೆ. ಕಾರಣ ಕೇಳುವಂತಿಲ್ಲ.

5

ಪರೀಕ್ಷೆ ಮುಗಿಯಿತು. ಮಂಡಳಿಯ ಸಂಖ್ಯಾತಜ್ಞ, ಅಂದರೆ ಅಂಕಿಗಳನ್ನು ಕೂಡಿ ಕಳೆದು ಚಿತ್ರ ಬರೆಯುವ ತರುಣ, ಪ್ರತಿ ಪ್ರಶ್ನೆಗೂ ಎಷ್ಟು ಮಂದಿ ಸರಿಯುತ್ತರ ಬರೆದರು ಎಂದು ಪರದೆಯ ಮೇಲೆ ಪಟ್ಟಿಗಳನ್ನು ಎಳೆದ. ನೀಲಿ ಪಟ್ಟಿ ಇಂಗ್ಲಿಷಿನಲ್ಲಿ ಬರೆದ ಮಕ್ಕಳದು, ಕೆಂಪು ನಮ್ಮ ಭಾಷೆಯವರದು. ಕೆಂಪು ಯಾವಾಗಲೂ ಗಿಡ್ಡ. ಪದಕೋಶದ ಪದಗಳೇ ತುಂಬಿದ್ದ ಹದಿನೈದು ಪ್ರಶ್ನೆಗಳಲ್ಲಂತೂ ಅದು ನೀಲಿಯ ಅರ್ಧಕ್ಕೂ ಬಂದಿರಲಿಲ್ಲ. ಅದನ್ನು ಯಾರೂ ತಲೆಗೆ ಹಚ್ಚಿಕೊಳ್ಳಲಿಲ್ಲ. ಆದರೆ ಒಂದೇ ಒಂದು ಪ್ರಶ್ನೆಯಲ್ಲಿ ಕೆಂಪು ಎತ್ತರವಾಗಿತ್ತು. ಎಸ್ಕಲೇಟರಿನ ಪ್ರಶ್ನೆ.

ಇಂಗ್ಲಿಷ್ ಮಕ್ಕಳಲ್ಲಿ ಹೆಚ್ಚಿನವರು ತೊಂಬತ್ತು ಅರವತ್ತು ಕೂಡಿ, ಅರ್ಧ ಮಾಡಿ, ಎಪ್ಪತ್ತೈದು ಎಂದು ಬರೆದಿದ್ದರು. ವಾರವಾರವೂ ಎಸ್ಕಲೇಟರ್ ಹತ್ತುವ ಮಕ್ಕಳು, ಅದರ ಮೇಲೆ ನಡೆದರೆ ನಿಂತವರಿಗಿಂತ ತಡವಾಗಿ ತಲುಪುತ್ತೇವೆ ಎಂದು ಬರೆದು ಬಂದಿದ್ದರು. ಅವರದೇನೂ ತಪ್ಪಿಲ್ಲ, ಆ ವಾಕ್ಯವೇ ಹಾಗಿತ್ತು. ನಮ್ಮವರು ಮೂವತ್ತಾರು ಎಂದು ಬರೆದಿದ್ದರು. ಸರಿಯುತ್ತರ ಅದೇ.

ಕೆಂಪು ಕೆಳಗಿದ್ದರೆ ಅದರ ಹೆಸರು "ಸಹಜ ವ್ಯತ್ಯಾಸ". ಮೇಲಿದ್ದರೆ "ಅಕ್ರಮದ ಶಂಕೆ". ಪತ್ರಿಕೆ ಸೋರಿರಬೇಕು, ನಕಲು ನಡೆದಿರಬೇಕು ಎಂದು ನಮ್ಮ ಭಾಷೆಯಲ್ಲಿ ಬರೆದ ಅಷ್ಟೂ ಮಕ್ಕಳ ಫಲಿತಾಂಶ ತಡೆಹಿಡಿದರು. ಈ ಮಕ್ಕಳಿಗೆ ಪ್ರಶ್ನೆ ಅರ್ಥವಾಗಿರಬಹುದು ಎಂಬ ಅನುಮಾನ ಮಾತ್ರ ಆ ಕಟ್ಟಡದಲ್ಲಿ ಒಬ್ಬರಿಗೂ ಬರಲಿಲ್ಲ. ಒಬ್ಬರಿಗೂ.

(ಈ ಪ್ಯಾರಾವನ್ನು ತಣ್ಣಗೆ ಬರೆಯಬೇಕು, ವ್ಯಂಗ್ಯ ತೆಳುವಾಗಿರಬೇಕು ಎಂದು ಗೆಳೆಯನೊಬ್ಬ ಸಲಹೆ ಕೊಟ್ಟ. ಅವನು ತಣ್ಣಗಿರಲಿ.)

ಪೇಪರಿನಲ್ಲಿ "ನಕಲು ಶಂಕೆ" ಎಂಬ ಸುದ್ದಿ ಓದಿದ ಕ್ಷಣವೇ ಟೀಚರಮ್ಮನಿಗೆ ಇದು ತಮ್ಮ ಅರ್ಧ ಸಾಲಿನ ಕೆಲಸ ಎಂದು ಹೊಳೆಯಿತು. ಬಿಸಿಬಿಸಿಯಾಗಿ ಮಂಡಳಿಗೆ ಹೋಗಿ, ಸೋರಿಕೆಯೂ ಇಲ್ಲ ನಕಲೂ ಇಲ್ಲ, ಪ್ರಶ್ನೆ ಅರ್ಥವಾಗುವ ಹಾಗೆ ಬರೆದವಳು ನಾನೇ ಎಂದು ಹೇಳಿ ಬಂದರು. ನಿಜ ಹೇಳಿದ ಮೇಲೆ ಮಕ್ಕಳನ್ನು ಬಿಟ್ಟುಬಿಡುತ್ತಾರೆ ಎಂದುಕೊಂಡಿದ್ದರು. ಅಷ್ಟು ವರ್ಷ ಸರ್ವಿಸ್ ಆದವರು ಹಾಗೆ ಅಂದುಕೊಳ್ಳಬಾರದಿತ್ತು.

6

ವಿಚಾರಣೆಯ ಕೋಣೆ. ಉದ್ದನೆಯ ಟೇಬಲ್ಲು, ಮೈ ನಡುಗಿಸುವ ಎಸಿ, ಪ್ರತಿ ಕುರ್ಚಿಯ ಮುಂದೆ ಒಂದೊಂದು ನೀರಿನ ಬಾಟಲಿ. ನಡುವೆ ನಿಯಂತ್ರಕರು, ಬಲಕ್ಕೆ ಸಂಖ್ಯಾತಜ್ಞ, ಎದುರಿಗೆ ಟೀಚರಮ್ಮ. ಹೊರಗಿನ ಬೆಂಚಿನ ಮೇಲೆ ವಕೀಲಮ್ಮ ಮತ್ತು ಅವಳ ಅಪ್ಪ. ಮಕ್ಕಳಲ್ಲಿ ಒಬ್ಬರನ್ನು ಕರೆದು ಪರೀಕ್ಷಿಸಬೇಕು ಎಂದು ಮಂಡಳಿ ಹೇಳಿದ್ದರಿಂದ ಡ್ರೈವರ್ ರಜೆ ಹಾಕಿ ಮಗಳನ್ನು ಕರೆತಂದಿದ್ದಾನೆ.

ಒಳಗೆ ಸಂಖ್ಯಾತಜ್ಞ ಶುರು ಮಾಡಿದ. "ಮೇಡಂ, ಇದು ಹಿಂಟ್. ಪ್ರಶ್ನೆಯ ಒಳಗೇ ಹಿಂಟ್ ಕೊಟ್ಟಿದ್ದೀರಿ."

"ಎಸ್ಕಲೇಟರ್ ಅಂದ್ರೇನು ಅಂತ ಹೇಳಿದ್ದೀನಿ," ಎಂದರು ಟೀಚರಮ್ಮ.

"ಮೇಲಿರೋರನ್ನ ಜೊತೆಗೆ ಒಯ್ಯುತ್ತೆ ಅಂದಿದ್ದೀರಿ. ಎರಡು ವೇಗ ಕೂಡುತ್ತೆ ಅನ್ನೋದು ಅಲ್ಲೇ ಗೊತ್ತಾಗಿಬಿಡುತ್ತೆ. ಇಂಗ್ಲಿಷಲ್ಲಿ ಬರೆದೋರಿಗೆ ಆ ಹಿಂಟ್ ಇರ್ಲಿಲ್ಲ."

"ಇತ್ತು. ಅವರಿಗೆ ಆ ಹಿಂಟನ್ನ ಅಪ್ಪ ಅಮ್ಮ ಭಾನುವಾರ ಭಾನುವಾರ ಮಾಲಲ್ಲಿ ಕೊಡಿಸಿದ್ದಾರೆ. ನನ್ನ ಮಕ್ಕಳಿಗೆ ನಾನು ಅರ್ಧ ಸಾಲಲ್ಲಿ ಕೊಟ್ಟೆ. ಯಾವುದು ಜಾಸ್ತಿ ಆಯ್ತು ಹೇಳಿ."

ನಿಯಂತ್ರಕರು ಬಾಟಲಿಯ ಮುಚ್ಚಳ ತಿರುಗಿಸಿದರು. "ಮೇಡಂ, ನಾನೂ ಇದೇ ಭಾಷೆಯವನು. ಮನೇಲಿ ಮಾತಾಡೋದು ಇದನ್ನೇ. ನನಗೆ ಅಭಿಮಾನ ಇಲ್ಲ ಅಂದ್ಕೊಂಡ್ರಾ? ಆದ್ರೆ ಸಮಾನತೆ ಅಂತ ಒಂದಿದೆಯಲ್ಲ."

"ಹದಿನೈದು ಪ್ರಶ್ನೇಲಿ ನಮ್ಮ ಮಕ್ಕಳು ಅರ್ಧಕ್ಕಿಂತ ಕೆಳಗೆ ಬಿದ್ದಿದ್ದಾರೆ. ಅಲ್ಲಿ ಈ ಸಮಾನತೆ ಎಲ್ಲಿಗೆ ಹೋಗಿತ್ತು ಸರ್?"

"ಅದು ಮಕ್ಕಳ ಲೆವೆಲ್ಲು ಮೇಡಂ," ಎಂದ ಸಂಖ್ಯಾತಜ್ಞ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಹವಾಮಾನ ಹೇಳುವವರ ಹಾಗೆ ಹೇಳಿದ.

ಟೀಚರಮ್ಮನಿಗೆ ರಕ್ತ ನೆತ್ತಿಗೇರಿತು. ಈ ಎರಡು ದಶಕ ತಾವು ಬಾಯಿ ಒಣಗಿಸಿಕೊಂಡು ಕಲಿಸಿದ್ದೆಲ್ಲ ಈ ತರುಣನ ಪರದೆಯ ಮೇಲೆ ಒಂದು ಗಿಡ್ಡ ಕೆಂಪು ಪಟ್ಟಿ, ಅದು ಗಿಡ್ಡವಾಗಿದ್ದಷ್ಟು ದಿನ ಇವರ ಹೊಟ್ಟೆ ತಣ್ಣಗಿರುತ್ತದೆ. ಟೇಬಲ್ಲು ಗುದ್ದಬೇಕು ಎನಿಸಿತು. ಗುದ್ದಿದರು ಕೂಡ. ಬಾಟಲಿಗಳು ಅಲುಗಾಡಿದವು.

ನಿಯಂತ್ರಕರು ಒಂದು ಹಾಳೆಯನ್ನು ಮುಂದೆ ತಳ್ಳಿದರು. ಅನುವಾದದಲ್ಲಿ ಸುಳಿವು ಕೊಟ್ಟಿದ್ದೇನೆ ಎಂದು ಟೀಚರಮ್ಮ ಸಹಿ ಹಾಕಬೇಕು. ಹಾಕಿದರೆ ಆ ಪ್ರಶ್ನೆ ನಮ್ಮ ಭಾಷೆಯ ಮಕ್ಕಳಿಗೆ ಮಾತ್ರ ರದ್ದಾಗುತ್ತದೆ, ಅದರ ನಾಲ್ಕು ಅಂಕ ಹೋಗುತ್ತದೆ, ಫಲಿತಾಂಶ ನಾಳೆಯೇ ಬರುತ್ತದೆ. ಹಾಕದಿದ್ದರೆ ನಕಲಿನ ತನಿಖೆ ಮುಂದುವರಿಯುತ್ತದೆ, ಫಲಿತಾಂಶ ಬರುವುದೇ ಇಲ್ಲ. ಸೀಟು ಹಂಚಿಕೆ ಶುಕ್ರವಾರ. ಇಂದು ಬುಧವಾರ.

ವಕೀಲಮ್ಮನಿಗೆ ನರ್ಸಿಂಗ್ ಕಾಲೇಜು ಸೀಟು ಆ ನಾಲ್ಕು ಅಂಕ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಇನ್ನೊಂದು ವರ್ಷ ಮನೆಯಲ್ಲಿ ಕೂರಿಸುವ ಶಕ್ತಿ ತನಗಿಲ್ಲ ಎಂದು ಅವಳಪ್ಪ ಆಗಲೇ ಒಂದು ಬಟ್ಟೆ ಅಂಗಡಿಯ ಬಿಲ್ಲಿಂಗ್ ಕೌಂಟರಿಗೆ ಮಾತಾಡಿಟ್ಟಿದ್ದಾನೆ. ಟೀಚರಮ್ಮ ಸಹಿ ಹಾಕಿದರೂ ಅವಳಿಗೆ ಸೀಟಿಲ್ಲ, ಹಾಕದಿದ್ದರೂ ಇಲ್ಲ.

(ಇಷ್ಟು ಬರೆದಿದ್ದಾಗ ನಿಯಂತ್ರಕರು ನನಗೆ ಫೋನ್ ಮಾಡಿದರು. ನನ್ನನ್ನು ವಿಲನ್ ಮಾಡಿದ್ದೀರಂತೆ, ನಿಯಮ ಮಾಡಿದವನು ನಾನಲ್ಲ, ನನಗೂ ಮೇಲಿನವರಿದ್ದಾರೆ ಎಂದರು. ಕಥೆ ಓದಿದಿರಾ ಎಂದು ಕೇಳಿದೆ. ಇಲ್ಲ, ಅದರ ಇಂಗ್ಲಿಷ್ ಪ್ರತಿ ಇದ್ದರೆ ಕಳಿಸಿ, ಓದಿ ಹೇಳುತ್ತೇನೆ ಎಂದರು.)

7

ವಕೀಲಮ್ಮನನ್ನು ಒಳಗೆ ಕರೆದರು. ಕೈಗೆ ಮಾರ್ಕರ್ ಕೊಟ್ಟು ಬಿಳಿ ಹಲಗೆಯ ಮುಂದೆ ನಿಲ್ಲಿಸಿದರು. ಸಂಖ್ಯಾತಜ್ಞ ಅದೇ ಪ್ರಶ್ನೆಯನ್ನು ಅಂಕಿ ಬದಲಿಸಿ ಕೇಳಿದ. ಅವಳು ಒಂದು ನಿಮಿಷವೂ ತೆಗೆದುಕೊಳ್ಳದೆ ಬಿಡಿಸಿದಳು. ಉತ್ತರದ ಕೆಳಗೆ ಎರಡು ಗೆರೆ ಎಳೆದಳು. ಟೀಚರಮ್ಮ ಕಲಿಸಿದ ಅಭ್ಯಾಸ.

"ಎಸ್ಕಲೇಟರ್ ಹತ್ತಿದ್ದೀಯೇನಮ್ಮ?" ನಿಯಂತ್ರಕರು ಕೇಳಿದರು.

"ಇಲ್ಲ ಸರ್."

"ಮತ್ತೆ ಎರಡೂ ವೇಗ ಕೂಡಬೇಕು ಅಂತ ನಿನಗೆ ಹೇಗೆ ಗೊತ್ತಾಯ್ತು?"

ಟೀಚರಮ್ಮ ಹುಡುಗಿಯತ್ತ ತಿರುಗಿದರು. ಹುಡುಗಿ ಸುಳ್ಳು ಹೇಳುವವಳಲ್ಲ. ಅವಳು ಮುಖ ಅರಳಿಸಿಕೊಂಡು, "ಪ್ರಶ್ನೇಲೇ ಇತ್ತಲ್ಲ ಸರ್. ಮೆಟ್ಟಿಲು ನಮ್ಮನ್ನೂ ಒಯ್ಯುತ್ತೆ ಅಂತ. ಓದಿದ ತಕ್ಷಣ ಗೊತ್ತಾಯ್ತು," ಎಂದಳು.

ಸಂಖ್ಯಾತಜ್ಞ ನಿಯಂತ್ರಕರ ಮುಖ ನೋಡಿದ. ನಿಯಂತ್ರಕರು ತಲೆಯಾಡಿಸಿ ಬರೆದುಕೊಂಡರು. ಅರ್ಥವಾಯಿತು ಎಂದು ಮಗು ಹೇಳಿದ್ದು ಅಲ್ಲಿ ತಪ್ಪೊಪ್ಪಿಗೆಯಾಗಿ ದಾಖಲಾಯಿತು.

8

ಈಗ ಮುಕ್ತಾಯ. ನನ್ನ ಹತ್ತಿರ ಮೂರಿವೆ.

ಮೊದಲನೆಯದು ನನಗೆ ಬಹಳ ಇಷ್ಟವಾದದ್ದು. ಟೀಚರಮ್ಮ ಎದ್ದು, ಆ ಹದಿನೈದರಲ್ಲಿ ಒಂದು ಪ್ರಶ್ನೆಯನ್ನು ಪದಕೋಶದ ಭಾಷೆಯಲ್ಲಿ ಇದ್ದದ್ದು ಇದ್ದ ಹಾಗೇ ಓದಿ, ಉತ್ತರ ಹೇಳಿ ಸರ್, ನಿಮ್ಮ ಮನೆ ಭಾಷೆಯೇ ತಾನೇ ಎನ್ನುತ್ತಾರೆ. ನಿಯಂತ್ರಕರು ಇನ್ನೊಮ್ಮೆ ಓದಿಸುತ್ತಾರೆ. ಮತ್ತೊಮ್ಮೆ ಓದಿಸುತ್ತಾರೆ. ಕೊನೆಗೆ, "ಇಂಗ್ಲಿಷ್ ಕಾಪಿ ಕೊಡಿ" ಎನ್ನುತ್ತಾರೆ. ನಿಯಂತ್ರಕರು ತಲೆ ತಗ್ಗಿಸಿ ಆ ಹಾಳೆಯನ್ನು ಹರಿದು ಹಾಕುತ್ತಾರೆ.

"ಅವರು ಇಂಗ್ಲಿಷ್ ಕಾಪಿ ಕೇಳಿದ್ದು ನಿಜ," ಎಂದರು ಟೀಚರಮ್ಮ. "ತಲೆ ತಗ್ಗಿಸಿದ್ದು ಸುಳ್ಳು. ಅವರೇನಂದ್ರು ಗೊತ್ತಾ? ನೋಡಿದ್ರಾ ಮೇಡಂ, ಇದಕ್ಕೇ ನಾವು ಪ್ರತಿ ಪತ್ರಿಕೆ ಮೇಲೂ ಗೊಂದಲವಿದ್ದಲ್ಲಿ ಇಂಗ್ಲಿಷ್ ಆವೃತ್ತಿಯೇ ಅಂತಿಮ ಅಂತ ಹಾಕಿರೋದು ಅಂದ್ರು. ನಮಗೆ ಇಂಗ್ಲಿಷ್ ಪತ್ರಿಕೆ ಕೊಟ್ಟಿರ್ಲಿಲ್ಲ ಸರ್ ಅಂದ್ಳು ಹುಡುಗಿ. ನೀನೇ ನಮ್ಮ ಭಾಷೆ ಆರಿಸ್ಕೊಂಡಿದ್ದೆಯಲ್ಲಮ್ಮ ಅಂದ್ರು. ನಾಚಿಕೆ ಎಲ್ಲಿಂದ ತಂದಿರಿ ಅವರ ಮುಖಕ್ಕೆ?"

ಹೊಡೆದು ಹಾಕಿದೆ. ಎರಡನೆಯದರಲ್ಲಿ ಟೀಚರಮ್ಮ ಸಹಿ ಹಾಕುತ್ತಾರೆ. ಮುಂದಿನ ದೃಶ್ಯದಲ್ಲಿ ವಕೀಲಮ್ಮ ಬಟ್ಟೆ ಅಂಗಡಿಯ ಕೌಂಟರಿನಲ್ಲಿ ಯಾರಿಗೋ ಚಿಲ್ಲರೆ ಕೊಡುತ್ತಿದ್ದಾಳೆ. ಓದುಗರ ಕಣ್ಣು ಒದ್ದೆಯಾಗುತ್ತದೆ, ಸಂಪಾದಕರು ಫೋನ್ ಮಾಡುತ್ತಾರೆ.

"ನಿಮ್ಮ ಕಥೆ ಚೆನ್ನಾಗಾಗ್ಲಿ ಅಂತ ಅವಳನ್ನ ಸೋಲಿಸ್ತೀರಾ?" ಎಂದರು ಟೀಚರಮ್ಮ. "ಆ ಕೆಲಸಕ್ಕೆ ಮಂಡಳಿ ಇದೆ. ನೀವ್ಯಾಕೆ?"

ಅದೂ ಹೋಯಿತು. ಮೂರನೆಯದರಲ್ಲಿ ಅವರು ಕೋರ್ಟಿಗೆ ಹೋಗಿ ಗೆಲ್ಲುತ್ತಾರೆ. ಆದರೆ ತೀರ್ಪು ಬರುವ ಹೊತ್ತಿಗೆ ವಕೀಲಮ್ಮನ ಮಗಳೇ ಶಾಲೆಗೆ ಹೋಗುತ್ತಿರುತ್ತಾಳೆ, ಮತ್ತು ತೀರ್ಪು ಇಂಗ್ಲಿಷಿನಲ್ಲಿರುತ್ತದೆ. ಇದನ್ನು ಟೀಚರಮ್ಮನಿಗೆ ತೋರಿಸುವ ಧೈರ್ಯ ನನಗಾಗಲಿಲ್ಲ.

"ಹಾಗಾದ್ರೆ ಹೇಗೆ ಮುಗಿಸ್ಲಿ, ನೀವೇ ಹೇಳಿ," ಎಂದು ನಾನೂ ದನಿ ಏರಿಸಿದೆ.

"ಮುಗಿಸ್ಬೇಡಿ. ನೀವು ಮುಗಿಸಿದ್ರೆ ಅವರು ಫೈಲು ಮುಚ್ತಾರೆ. ಸುಳಿವು ಅಂತ ನಾನು ಸಹಿ ಹಾಕಲ್ಲ, ನಕಲು ಅಂತ ಅವರು ಹೇಳೋಕೂ ಬಿಡಲ್ಲ. ಆ ಹದಿನೈದು ಪ್ರಶ್ನೇನೂ ಟೇಬಲ್ ಮೇಲಿಟ್ಟು, ಇದಕ್ಕೆಲ್ಲ ಉತ್ತರ ಕೊಡಿ, ಆಮೇಲೆ ನನ್ನ ಅರ್ಧ ಸಾಲಿಗೆ ಬನ್ನಿ ಅಂತ ಕೂತಿದ್ದೀನಿ. ಎದ್ದು ಹೋದ್ರೆ ಕೇಸ್ ಮುಗೀತು. ನಾನು ಏಳಲ್ಲ. ನೀವೂ ನನ್ನನ್ನ ಎಬ್ಬಿಸ್ಬೇಡಿ."

ಹಾಗಾಗಿ ಓದುಗರೇ, ನಾನು ಅವರನ್ನು ಎಬ್ಬಿಸುತ್ತಿಲ್ಲ. ನಿಮಗೆ ಮನೆಗೆ ಹೋಗಲು ತಡವಾಗುತ್ತಿದ್ದರೆ ಹೋಗಿ, ಹಾಗೆ ಹೋದವರಿಂದಲೇ ಇಷ್ಟೆಲ್ಲ ಆದದ್ದು. ಕೋಣೆಯಲ್ಲಿ ಇನ್ನೂ ಬುಧವಾರ. ಹಾಳೆ ಟೇಬಲ್ಲಿನ ಮೇಲಿದೆ, ಸಹಿಯ ಜಾಗ ಖಾಲಿಯಿದೆ. ಸಂಖ್ಯಾತಜ್ಞ ಗಡಿಯಾರ ನೋಡುತ್ತಿದ್ದಾನೆ. ನಿಯಂತ್ರಕರು ಹುಡುಗಿಗೆ, "ಆಯ್ತಮ್ಮ, ನೀನು ಹೋಗಬಹುದು," ಎಂದರು.

ವಕೀಲಮ್ಮ ಹೋಗಲಿಲ್ಲ. ತನ್ನ ಉತ್ತರದಿಂದ ಏನೋ ಕೆಟ್ಟಿತು ಎಂದು ಅವಳಿಗೆ ಟೀಚರಮ್ಮನ ಮುಖ ನೋಡಿದಾಗಲೇ ಗೊತ್ತಾಗಿತ್ತು. ಹಲಗೆಯ ಮೇಲಿದ್ದುದನ್ನು ಅಂಗೈಯಿಂದ ಒರೆಸಿದಳು. ಮಾರ್ಕರಿನ ಮುಚ್ಚಳವನ್ನು ಮತ್ತೆ ತೆಗೆದಳು.

"ಆ ಪ್ರಶ್ನೆ ಬೇಡದಿದ್ರೆ ಬಿಡಿ ಸರ್, ಬೇರೆ ಕೇಳಿ. ಎಷ್ಟು ಕಷ್ಟದ್ದಾದ್ರೂ ಕೇಳಿ," ಎಂದಳು. "ಏನು ಕೇಳ್ತಿದ್ದೀರಿ ಅಂತ ನನಗೆ ಗೊತ್ತಾಗೋ ಹಾಗೆ ಕೇಳಿ, ಸಾಕು."

ಇನ್ನೂ ಯಾರೂ ಕೇಳಿಲ್ಲ. ಅವಳು ನಿಂತೇ ಇದ್ದಾಳೆ